ಕಾರವಾರದ ಉಪ್ಪುಗಾಳಿ, ನನ್ನ ಜಿಪ್ಸಿಯ ಮೂರು ಹೆಡರ್

ಕಳೆದ ತಿಂಗಳು ಅಂಕೋಲಾದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಜಿಪ್ಸಿಗೆ ಹೆಡರ್ ಹಾಕಿಸ್ಬೇಕು. ಎಸ್‌ಎಸ್ ಹಾಕಿಸ್ಲಾ, ಎಂಎಸ್ ಸಾಕಾ?" ಅಂತ ಕೇಳಿದ. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಎಂಎಸ್ ಅಂದರೆ ಮಾಮೂಲಿ ಕಬ್ಬಿಣ. ಎರಡು ಮಾತಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಇದೇ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲ ನನ್ನ ಹತ್ತಿರ ಬರುತ್ತದೆ, ಹಾಗಾಗಿ ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಒಂದೇ ಗಾಡಿಗೆ ಮೂರು ಸಲ ದುಡ್ಡು ಸುರಿದ ಮೇಲೆ ಗೊತ್ತಾದ ವಿಷಯ ಇದು.

ಗೊತ್ತಿಲ್ಲದವರಿಗೆ ಒಂದು ಮಾತು. ಇಂಜಿನ್ನಿನ ನಾಲ್ಕು ಸಿಲಿಂಡರಿನ ಹೊಗೆಯನ್ನು ಒಟ್ಟು ಮಾಡಿ ಸೈಲೆನ್ಸರ್ ಕಡೆ ಕಳಿಸುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಕಂಪನಿಯಿಂದ ಬಂದದ್ದು ಬೀಡು ಕಬ್ಬಿಣದ್ದು. ದಪ್ಪ, ಭಾರ, ಮೇಲೆಲ್ಲ ತುಕ್ಕು ಬಂದರೂ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಅದನ್ನು ಬಿಚ್ಚಿ ಬೆಂಡ್ ಪೈಪಿನಲ್ಲಿ ಮಾಡಿದ್ದನ್ನು ಹಾಕಿದರೆ ಅದಕ್ಕೆ ಹೆಡರ್ ಅನ್ನುತ್ತಾರೆ. ನನ್ನದು ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ ಜಾತಿಯದು. ದೇವಿಮನೆ ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆತ ಸ್ವಲ್ಪ ಚೆನ್ನಾಗಿರುತ್ತದೆ, ಅಷ್ಟೇ. ಅದಕ್ಕಿಂತ ಜಾಸ್ತಿ ಆಸೆ ಬೇಡ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ಯಾರು ಏನೇ ಹೇಳಿದರೂ ತೆಗೆಸಬೇಡಿ. ಸೈಲೆನ್ಸರ್ ಕೂಡ ಮೊದಲಿನದೇ ಇರಲಿ.

ಮೊದಲನೆಯದು ಎಂಎಸ್. ಅಂದರೆ ಮೈಲ್ಡ್ ಸ್ಟೀಲ್, ನಮ್ಮ ಮನೆ ಗೇಟು ಕಿಟಕಿ ಸರಳಿನ ಅದೇ ಕಬ್ಬಿಣ. ಕೆಲಸ ಕೆಟ್ಟದ್ದೇನೂ ಆಗಿರಲಿಲ್ಲ. ಪೈಪ್ 2 ಮಿಲಿಮೀಟರ್ ದಪ್ಪ ಇತ್ತು, ಬೆಸುಗೆ ನೀಟಾಗಿತ್ತು, ಮೇಲೆ ಬೆಳ್ಳಿ ಬಣ್ಣದ ಶಾಖ ತಡೆಯುವ ಪೇಂಟ್ ಹೊಡೆದಿದ್ದರು. ಹಾಗೇ ಬಿಟ್ಟಿದ್ದರೆ ಎಷ್ಟೋ ವರ್ಷ ಬರುತ್ತಿತ್ತು. ನಾನು ಬಾನೆಟ್ ಒಳಗೆ ಬಿಸಿ ಕಮ್ಮಿ ಆಗಲಿ ಅಂತ ಹೀಟ್ ರ‍್ಯಾಪ್ ಸುತ್ತಿಸಿದೆ. ಆ ಬಟ್ಟೆಯಂಥ ಪಟ್ಟಿ ಇದೆಯಲ್ಲ, ಅದು ಒಣ ಊರಿಗೆ ಸರಿ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ, ಮಳೆ ಇಲ್ಲದ ದಿನವೂ ಗಾಳಿಯಲ್ಲಿ ಉಪ್ಪಿರುತ್ತದೆ. ಗಾಡಿ ನಿಂತಾಗ ಪಟ್ಟಿ ನೀರು ಹೀರಿಕೊಳ್ಳುತ್ತದೆ. ಓಡಿದಾಗ ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮಾರನೇ ದಿನ ಮತ್ತೆ ನೀರು, ಮತ್ತೆ ಉಪ್ಪು. ಎರಡು ಮಳೆಗಾಲ ಕಳೆದ ಮೇಲೆ ಪಟ್ಟಿ ಬಿಚ್ಚಿಸಿದಾಗ ಪೈಪಿನ ಮೇಲ್ಪದರ ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಕೈಗೆ ಬಂತು. ಮೂರನೇ ಪೈಪಿನ ತಿರುವಿನಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೇ ಹೋಯಿತು.

ಆಗ ನನಗೆ ಬಂದ ಬುದ್ಧಿ ಎಲ್ಲರಿಗೂ ಬರುವುದೇ. ಕಬ್ಬಿಣ ತುಕ್ಕು ಹಿಡಿಯಿತು, ಇನ್ನು ಸ್ಟೀಲೇ ಸರಿ. ದೊಡ್ಡ ಊರಿನ ಅಂಗಡಿಯೊಂದರಿಂದ ಎಸ್‌ಎಸ್ ಹೆಡರ್ ತರಿಸಿದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಬೆಸುಗೆಯ ಅಕ್ಕಪಕ್ಕ ನೀಲಿ, ನೇರಳೆ, ಬಂಗಾರದ ಬಣ್ಣ. ನೋಡಿದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಮ್ಯಾಗ್ನೆಟ್ ಹಿಡಿದು ನೋಡಿದೆ, ಅಂಟಲಿಲ್ಲ. ಅಸಲಿ ಮಾಲು ಅಂದುಕೊಂಡೆ.

ಎಂಟೇ ತಿಂಗಳು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅನ್ನುವ ಸದ್ದು, ಬಿಸಿಯಾದ ಮೇಲೆ ಸುಮ್ಮನಾಗುತ್ತಿತ್ತು. ಪೆಟ್ರೋಲ್ ಜಾಸ್ತಿ ಕುಡಿಯಲು ಶುರು ಮಾಡಿತು. ಆಮೇಲೆ ಗೊತ್ತಾಯಿತು, ಫ್ಲಾಂಜ್ ಹತ್ತಿರ, ಅಂದರೆ ಹೆಡರನ್ನು ಇಂಜಿನ್ನಿಗೆ ಬಿಗಿಯುವ ದಪ್ಪ ಪಟ್ಟಿಯ ಹತ್ತಿರ, ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊರಗಿನ ಗಾಳಿಯೂ ಒಳಗೆ ನುಗ್ಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಮ್ಮಿಯಾಗಿದೆ ಅಂದುಕೊಳ್ಳುತ್ತದೆ, ಇಂಜಿನ್ನಿನ ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಆ ಹೊಗೆ ಗಾಡಿಯೊಳಗೆ ಸೇರಿಕೊಂಡರೆ ಜೀವಕ್ಕೇ ಅಪಾಯ. ಹಿಂದಿನ ಸೀಟಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಿರಸಿ ಜಾತ್ರೆಗೆ ಹೋಗಿ ಬಂದಿದ್ದೆ. ಅದನ್ನು ನೆನೆಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಬಿಚ್ಚಿದ ಹೆಡರ್ ಹಿಡಿದುಕೊಂಡು ಬೈತಖೋಲ ಬಂದರಿನ ಹತ್ತಿರ ಬೋಟಿನ ಕೆಲಸ ಮಾಡುವ ಹಿರಿಯ ವೆಲ್ಡರ್ ಒಬ್ಬರ ಹತ್ತಿರ ಹೋದೆ. ಅವರು ಬಿರುಕನ್ನು ನೋಡಲೇ ಇಲ್ಲ. ಮೊಬೈಲ್ ಟಾರ್ಚ್ ಹಾಕಿ ಪೈಪಿನ ಒಳಗೆ ಇಣುಕಿದರು. "ತಮಾ, ಇಲ್ನೋಡು" ಅಂದರು. ನೋಡಿದೆ. ಹೊರಗೆ ಅಷ್ಟು ಚಂದ ಇದ್ದ ಬೆಸುಗೆ ಒಳಗಡೆ ಕಪ್ಪಗೆ, ಹರಳು ಹರಳಾಗಿ ಉಬ್ಬಿ ನಿಂತಿತ್ತು. ಆಲೆಮನೆಯಲ್ಲಿ ಪಾಕ ತಳ ಹಿಡಿದರೆ ಕೊಪ್ಪರಿಗೆಗೆ ಅಂಟಿಕೊಳ್ಳುತ್ತದಲ್ಲ, ಥೇಟ್ ಹಾಗೆ. "ಹೊರಗೆ ಗ್ಯಾಸ್ ಇತ್ತು, ಒಳಗೆ ಇರ್ಲಿಲ್ಲ. ಎಸ್‌ಎಸ್ಸಾ ಎಂಎಸ್ಸಾ ಅಂತ ಆಮೇಲೆ ಕೇಳು. ಒಳಗೆ ಗ್ಯಾಸ್ ಬಿಡ್ತೀರಾ ಅಂತ ಮೊದ್ಲು ಕೇಳು."

ನಾನು ಹೇಳಬೇಕೆಂದಿರುವುದೂ ಇದನ್ನೇ. ಎಂಎಸ್‌ಗೆ ಸಿಒಟು ವೆಲ್ಡಿಂಗ್ (ಇಂಗಾಲದ ಡೈಆಕ್ಸೈಡ್ ಬಿಟ್ಟು ಮಾಡುವ ಮಾಮೂಲಿ ಬೆಸುಗೆ) ಸಾಕು, ಒಳಗಿನ ಬದಿಗೆ ಏನೂ ಮಾಡಬೇಕಿಲ್ಲ, ನಮ್ಮ ಊರಿನ ಯಾವ ಒಳ್ಳೆಯ ವೆಲ್ಡರ್ ಆದರೂ ಮಾಡುತ್ತಾನೆ. ಸ್ಟೇನ್‌ಲೆಸ್ ಹಾಗಲ್ಲ. ಅದಕ್ಕೆ ತುಕ್ಕು ಬಾರದಂತೆ ತಡೆಯುವುದು ಒಳಗಿರುವ ಕ್ರೋಮಿಯಂ. ಬೆಸುಗೆಯ ಬಿಸಿಯಲ್ಲಿ ಒಳಗಿನ ಬದಿಗೆ ಗಾಳಿ ತಾಗಿದರೆ ಆ ಕ್ರೋಮಿಯಂ ಅಲ್ಲೇ ಸುಟ್ಟು ಹೋಗುತ್ತದೆ, ಬೆಸುಗೆ ಹರಳು ಹರಳಾಗಿ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಪೈಪಿನ ಎರಡೂ ತುದಿ ಮುಚ್ಚಿ, ಒಂದು ಕಡೆಯಿಂದ ಲೋಹದ ಜೊತೆ ಸೇರದ ಆರ್ಗಾನ್ ಗ್ಯಾಸ್ ಬಿಟ್ಟು, ಇನ್ನೊಂದು ಕಡೆಯ ಸಣ್ಣ ತೂತಿನಿಂದ ಒಳಗಿನ ಗಾಳಿ ಪೂರ್ತಿ ಹೊರಗೆ ಹೋದ ಮೇಲೆ ಟಿಗ್ (ಆರ್ಗಾನ್ ಬಿಟ್ಟು ಮಾಡುವ ನಾಜೂಕು ಬೆಸುಗೆ) ಹಚ್ಚಬೇಕು. ಇದಕ್ಕೆ ಗ್ಯಾಸ್ ಜಾಸ್ತಿ, ಸಮಯ ಜಾಸ್ತಿ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಬಿಟ್ಟುಬಿಡುತ್ತಾರೆ.

ಸ್ಟೇನ್‌ಲೆಸ್ಸಿನ ಇನ್ನೊಂದು ಗುಣ, ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಅರ್ಧ ಮೀಟರ್ ಪೈಪ್ 600 ಡಿಗ್ರಿಯಷ್ಟು ಬಿಸಿ ಏರಿದರೆ ಎಂಎಸ್ ಸುಮಾರು 4 ಮಿಲಿಮೀಟರ್ ಉದ್ದವಾಗುತ್ತದೆ, 304 ಅನ್ನುವ ಒಳ್ಳೆ ಜಾತಿಯ ಸ್ಟೇನ್‌ಲೆಸ್ ಆದರೆ 5 ದಾಟುತ್ತದೆ. ಶಾಖವನ್ನೂ ಅದು ಬೇಗ ಹರಡಲು ಬಿಡುವುದಿಲ್ಲ, ಕಬ್ಬಿಣದ ಮೂರನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಒಂದು ಕಡೆ ಕೆಂಪಗೆ ಕಾದಿರುತ್ತದೆ, ಪಕ್ಕದಲ್ಲಿ ತಣ್ಣಗಿರುತ್ತದೆ. ಒಂದು ಪೈಪ್ ಹಿಗ್ಗಿ ಇನ್ನೊಂದನ್ನು ತಳ್ಳುತ್ತದೆ. ಘಟ್ಟ ಹತ್ತಿ ಬಿಸಿಯಾದ ಪೈಪಿಗೆ ಮಳೆಗಾಲದ ಗುಂಡಿ ನೀರು ಚಿಮ್ಮಿದರೆ ಏನಾಗುತ್ತದೆ ಯೋಚಿಸಿ. ಬಿಟ್ಟುಕೊಡಲು ಜಾಗ ಇಲ್ಲದಿದ್ದರೆ ಬಿರುಕು ಬಿಡುವುದು ಗ್ಯಾರಂಟಿ. ನನ್ನದು ಸಾಲದ್ದಕ್ಕೆ 1.2 ಮಿಲಿಮೀಟರಿನ ತೆಳು ಪೈಪ್.

ಮ್ಯಾಗ್ನೆಟ್ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಅಂಟದಿದ್ದರೆ ಒಳ್ಳೆ ಸ್ಟೀಲ್ ಅನ್ನುವುದು ಸುಳ್ಳು. 304ರಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕಲ್ ಇರುತ್ತದೆ, ಅದು ಅಂಟುವುದಿಲ್ಲ. 202 ಅಂತ ಇನ್ನೊಂದು ಬರುತ್ತದೆ. ದುಬಾರಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಅದೂ ಅಂಟುವುದಿಲ್ಲ! ನಮ್ಮ ಕಡೆ ಮನೆ ಮೆಟ್ಟಿಲಿನ ಸ್ಟೀಲ್ ಕಂಬಿ ಒಂದೇ ಮಳೆಗಾಲಕ್ಕೆ ಕೆಂಪು ಚುಕ್ಕೆ ಬಿಡುತ್ತದಲ್ಲ, ಎಷ್ಟೋ ಕಡೆ ಅದು 202. ಇನ್ನು 409 ಅಂತ ಇದೆ, 11 ಪರ್ಸೆಂಟ್ ಆಸುಪಾಸು ಕ್ರೋಮಿಯಂ. ಅದು ಮ್ಯಾಗ್ನೆಟ್‌ಗೆ ಚೆನ್ನಾಗಿ ಅಂಟುತ್ತದೆ, ಮೇಲೆ ಕಂದು ಬಣ್ಣಕ್ಕೂ ತಿರುಗುತ್ತದೆ. ಆದರೆ ಕಾರು ಕಂಪನಿಗಳು ಎಕ್ಸಾಸ್ಟ್‌ಗೆ ಹೆಚ್ಚಾಗಿ ಬಳಸುವುದು ಅದನ್ನೇ, ಏಕೆಂದರೆ ಹಿಗ್ಗುವುದು ಕಮ್ಮಿ, ಬಾಳಿಕೆ ಇದೆ. ಹಾಗಾದರೆ 304 ಅಂತ ಗೊತ್ತಾಗುವುದು ಹೇಗೆ? ಗುಜರಿಯವರ ಹತ್ತಿರ ಒಂದು ಸಣ್ಣ ಬಾಟಲಿ ಇರುತ್ತದೆ. ಒಂದು ಹನಿ ಹಾಕಿ ಬ್ಯಾಟರಿ ತಾಗಿಸಿದರೆ 202 ಕೆಂಪಾಗುತ್ತದೆ. ನನ್ನ ಹೊಳೆಯುವ ಹೆಡರ್ ಕೆಂಪಾಯಿತು.

ಮೂರನೆಯದನ್ನು ಬೈತಖೋಲದವರೇ ಮಾಡಿಕೊಟ್ಟರು. 304ಎಲ್, ಅಂದರೆ ಕಾರ್ಬನ್ ಕಮ್ಮಿ ಇರುವ 304, ಬೆಸುಗೆಯ ಪಕ್ಕ ಹಾಳಾಗುವುದು ಕಮ್ಮಿ. ಪೈಪ್ 1.6 ಮಿಲಿಮೀಟರ್, ಫ್ಲಾಂಜ್ 10. ಪೈಪ್‌ಗಳು ಸೇರುವ ಕಡೆ ಬೆಸುಗೆ ಹಾಕದೆ ಒಂದರೊಳಗೆ ಒಂದು ಜಾರುವ ಹಾಗೆ ಬಿಟ್ಟು ಸ್ಪ್ರಿಂಗ್ ಹಾಕಿದರು, ಹಿಗ್ಗಿದರೂ ಹೋಗಲು ಜಾಗ ಇರಲಿ ಅಂತ. ಕೆಳಗೆ ಭಾರ ಹೊರಲು ಗೇರ್‌ಬಾಕ್ಸಿನಿಂದ ಒಂದು ಬ್ರಾಕೆಟ್. ಕಬ್ಬಿಣ ಉಜ್ಜಿದ ಬ್ರಷ್ಷು, ಗ್ರೈಂಡಿಂಗ್ ಚಕ್ರ ಯಾವುದನ್ನೂ ಇದಕ್ಕೆ ಮುಟ್ಟಿಸಲಿಲ್ಲ, ಹೊಸದೇ ತೆಗೆದರು. ಕಬ್ಬಿಣದ ಪುಡಿ ಸ್ಟೀಲಿನ ಮೈಗೆ ಕೂತರೆ ಅಲ್ಲಿಂದಲೇ ತುಕ್ಕು ಶುರುವಂತೆ. ಕೊನೆಗೆ ಬೆಸುಗೆಯ ನೀಲಿ ಬಣ್ಣವನ್ನೆಲ್ಲ ಆಸಿಡ್ ಪೇಸ್ಟ್ ಹಚ್ಚಿ ತೊಳೆದುಬಿಟ್ಟರು. ನನಗೆ ಬೇಜಾರಾಯಿತು, ಹೇಳಿದೆ ಕೂಡ. ಆ ಬಣ್ಣ ಇರುವ ಕಡೆ ಕ್ರೋಮಿಯಂ ಸೋತಿರುತ್ತದೆ, ಉಪ್ಪುಗಾಳಿ ಮೊದಲು ಹಿಡಿಯುವುದು ಅಲ್ಲೇ ಅಂತ ವಿವರಿಸಿದರು. ಇಂಜಿನ್ನಿನಿಂದ ಹೊರಗೆ ಚಾಚಿರುವ ಬೋಲ್ಟುಗಳಿಗೆ (ಸ್ಟಡ್) ತಾಮ್ರದ ನಟ್ ಹಾಕಿದರು, ಮುಂದೆ ಬಿಚ್ಚುವಾಗ ಕಚ್ಚಿಕೊಂಡು ಮುರಿಯಬಾರದು ಅಂತ.

ನಾಲ್ಕು ಮಳೆಗಾಲ ಆಯಿತು. ಮೇಲೆ ಅಲ್ಲಲ್ಲಿ ಚಹಾದ ಕಲೆಯಂತೆ ಕಂದು ಬಣ್ಣ ಇದೆ, ಸಮುದ್ರದ ಹತ್ತಿರ ಅದು ಬರುವುದೇ. ಬಿರುಕು ಇಲ್ಲ, ಸದ್ದಿಲ್ಲ.

ಶಿರಸಿಯಲ್ಲಿರುವ ಭಾವನ ಗಾಡಿಯಲ್ಲಿ ಇರುವುದು ಎಂಎಸ್ ಹೆಡರ್. 2 ಮಿಲಿಮೀಟರ್ ಪೈಪ್, ಸುತ್ತಿದ ಪಟ್ಟಿ ಇಲ್ಲ, ಬರೀ ಪೇಂಟ್. ಆರು ವರ್ಷವಾದರೂ ಗಟ್ಟಿಯಾಗಿದೆ. ಘಟ್ಟದ ಮೇಲೆ ಮಳೆ ಎಷ್ಟೇ ಸುರಿದರೂ ಉಪ್ಪಿಲ್ಲ. ಅವನೂ ಎಸ್‌ಎಸ್ ಮಾಡಿಸಬೇಕು ಅಂತ ಹೊರಟಿದ್ದ, ನಾನೇ ಬೇಡ ಅಂದೆ. 304 ಪೈಪಿಗೆ ಎಂಎಸ್‌ನ ಮೂರು ನಾಲ್ಕು ಪಟ್ಟು ರೇಟು, ಕೂಲಿ ಬೇರೆ. ಆ ದುಡ್ಡಲ್ಲಿ ಒಂದು ಜೊತೆ ಟೈರ್ ಬರುತ್ತದೆ.

ಅಂಕೋಲಾದ ಹುಡುಗನಿಗೆ ನನ್ನ ಉತ್ತರ ಹೀಗೆ. ನೀನು ಸಮುದ್ರದ ಪಕ್ಕ ಇದ್ದೀಯ, ಗಾಡಿ ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುತ್ತೀಯ ಅಂತಾದರೆ 304ಎಲ್ ಮಾಡಿಸು, ಆದರೆ ಒಳಗೆ ಗ್ಯಾಸ್ ಬಿಟ್ಟು ಮಾಡುವವನು ಸಿಕ್ಕರೆ ಮಾತ್ರ. ಮಾಡಿದ ಒಂದು ಹಳೇ ತುಂಡು ತೋರಿಸಿ ಅಂತ ಕೇಳು, ಒಳಗೆ ಟಾರ್ಚ್ ಹಾಕಿ ನೋಡು. ಸಿಗದಿದ್ದರೆ ದಪ್ಪ ಎಂಎಸ್ ಹಾಕಿಸು, ಪಟ್ಟಿ ಸುತ್ತಬೇಡ, ಪ್ರತಿ ಮೇ ತಿಂಗಳಲ್ಲಿ ಬಿಚ್ಚಿ ಉಜ್ಜಿ ಪೇಂಟ್ ಹೊಡೆಸು. ಹೊಳೆಯುವ ತೆಳು ಎಸ್‌ಎಸ್ ಮಾತ್ರ ಕೊಳ್ಳಬೇಡ ಮಾರಾಯ. ಬೀಚಿಗೆ ಹೋಗಿ ಬಂದ ದಿನ ಗಾಡಿ ಪೂರ್ತಿ ತಣ್ಣಗಾದ ಮೇಲೆ ಅಡಿಗೆ ಸಿಹಿನೀರು ಹೊಡಿ.

ಕುಮಟಾ, ಹೊನ್ನಾವರ, ಭಟ್ಕಳ ಕಡೆ ಈ ತರ ಒಳಗೆ ಆರ್ಗಾನ್ ಬಿಟ್ಟು ಪೈಪ್ ಬೆಸುಗೆ ಮಾಡುವವರು ಗೊತ್ತಿದ್ದರೆ ನನಗೆ ತಿಳಿಸಿ. ಬೈತಖೋಲದವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಇನ್ನು ಆರು ತಿಂಗಳು ಹೊಸ ಕೆಲಸ ಹಿಡಿಯುವುದಿಲ್ಲ ಅಂದಿದ್ದಾರೆ.