ರಾಜನ ಕುತ್ತಿಗೆಯ ಗೀರು

ಕಾರವಾರದ ಭಾನುವಾರದ ಸಂತೆಯಲ್ಲಿ, ಒಣಮೀನಿನ ಸಾಲು ಮುಗಿದು ಹಳೆಯ ಬೀಗ, ಹಿತ್ತಾಳೆ ತಂಬಿಗೆ ಮತ್ತು ನಿಂತುಹೋದ ಗಡಿಯಾರಗಳ ಗೋಣಿತಾಟು ಶುರುವಾಗುವ ಜಾಗದಲ್ಲಿ, ನನಗೆ ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕವೊಂದು ಸಿಕ್ಕಿತು. ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ಗಡ್ಡದ ಮುಖ, ಇನ್ನೊಂದು ಬದಿಯಲ್ಲಿ ಕುದುರೆಯೇರಿದ ಸಂತ ಜಾರ್ಜ್, ಅಂಚಿನ ಮೇಲೆ ಮರಾಠಾ ಪಲ್ಟಣದ ಸಿಪಾಯಿಯೊಬ್ಬನ ಸಂಖ್ಯೆ ಮತ್ತು ಹೆಸರು. ಅದು ಮೆಸೊಪೊಟೇಮಿಯಾಕ್ಕೆ ಹೋಗಿದ್ದ ತನ್ನ ಮುತ್ತಜ್ಜನದೆಂದೂ, ಮಗಳ ಮದುವೆ ಎದುರಿಗಿಲ್ಲದಿದ್ದರೆ ಮಾರುತ್ತಲೇ ಇರಲಿಲ್ಲವೆಂದೂ ಹೇಳಿ ಮಾರುವವನು ಕಣ್ಣೊರೆಸಿಕೊಂಡನು. ಮುತ್ತಜ್ಜನ ಹೆಸರೇನೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಪಾಪ, ಅವನು ಪದಕದ ಅಂಚನ್ನು ಓದಿಯೇ ಹೇಳಬೇಕಾಗುತ್ತಿತ್ತು.

ನಾಲ್ಕು ತಿಂಗಳ ಬಳಿಕ ಬೇರೊಂದು ಊರಿನಿಂದ ಅಂಚೆಯಲ್ಲಿ ತರಿಸಿಕೊಂಡ ಇನ್ನೊಂದು ಪದಕದ ಅಂಚಿನಲ್ಲೂ ಅದೇ ಸಂಖ್ಯೆ, ಅದೇ ಹೆಸರು ಇತ್ತು. ಆ ಸಿಪಾಯಿ ಮೊದಲನೆಯದನ್ನು ಕಳೆದುಕೊಂಡು, ಅರ್ಜಿ ಹಾಕಿ ಎರಡನೆಯದನ್ನು ಪಡೆದಿರಬೇಕೆಂದು ಒಂದು ವಾರವಿಡೀ ನಂಬಿದ್ದಲ್ಲದೆ, ಅವನ ಅಜಾಗರೂಕತೆಯನ್ನು ಕುರಿತು ಊಟದ ಹೊತ್ತಿನಲ್ಲಿ ಹೆಂಡತಿಯೆದುರು ಟೀಕೆಯನ್ನೂ ಮಾಡಿದೆ. ಕೊನೆಗೆ ಭೂತಗನ್ನಡಿ ಹಿಡಿದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ, ಗಡ್ಡದ ಕೆಳಗೆ ಕುತ್ತಿಗೆಯ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಗೀರೊಂದು ಇಬ್ಬರು ರಾಜರಿಗೂ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಕಂಡಿತು.

ಅಸಲಿ ಪದಕವನ್ನು ಉಕ್ಕಿನ ಅಚ್ಚಿನ ನಡುವೆ ಒತ್ತಿ ಠಂಕಿಸುತ್ತಾರೆ. ನಕಲು ಮಾಡುವವನಿಗೆ ಅಷ್ಟು ದೊಡ್ಡ ಯಂತ್ರ ಎಲ್ಲಿಯದು? ಅವನು ಒಂದು ಅಸಲಿ ಪದಕದಿಂದ ಮಣ್ಣಿನಲ್ಲೋ ರಬ್ಬರಿನಲ್ಲೋ ಪಡಿಯಚ್ಚು ತೆಗೆದು ಲೋಹವನ್ನು ಸುರಿಯುತ್ತಾನೆ. ಆಗ ರಾಜನ ಜೊತೆಗೆ ಸಿಪಾಯಿಯ ಹೆಸರೂ, ಆ ಒಂದು ಪದಕಕ್ಕೆ ಯಾವ ಕಾಲದಲ್ಲೋ ಬಿದ್ದ ಗೀರೂ ಎಲ್ಲ ಮರಿಗಳಿಗೂ ಬಳುವಳಿಯಾಗಿ ಬರುತ್ತವೆ. ಲೋಹ ತಣಿಯುವಾಗ ತುಸು ಕುಗ್ಗುವುದರಿಂದ ಮರಿ ತಾಯಿಗಿಂತ ಚಿಕ್ಕದಾಗಿರುತ್ತದೆ. ಈ ಪದಕದ ನಿಜವಾದ ಅಡ್ಡಳತೆ 36 ಮಿಲಿಮೀಟರ್. ಮಗನ ಕಾಲೇಜಿನ ಚೀಲದಿಂದ ಎತ್ತಿಕೊಂಡ ವರ್ನಿಯರ್ ಕ್ಯಾಲಿಪರ್ ನನ್ನ ಎರಡನ್ನೂ 35.4 ಎಂದು ತೋರಿಸಿತು. ಸಂತನ ಕುದುರೆಯ ಹೊಟ್ಟೆಯ ಮೇಲೆ ನಾನು ಬೆವರಿನ ಹನಿಗಳೆಂದು ಮೆಚ್ಚಿಕೊಂಡಿದ್ದವು ಎರಕದ ಗುಳ್ಳೆಗಳಾಗಿದ್ದವು.

ಇನ್ನು ಮುಂದೆ ಎರಕದ ಮಾಲನ್ನು ಮುಟ್ಟುವುದಿಲ್ಲವೆಂದು ಶಪಥ ಮಾಡಿ, ಅಳತೆ ಸರಿಯಾಗಿ ಹೊಂದುವ ಮೂರನೆಯದನ್ನು ಕೊಂಡು, ನಮ್ಮ ಪರಿಚಯದ ಶೇಟರ ಅಂಗಡಿಗೆ ಹೋದೆ. ಅವರು ಒರೆಗಲ್ಲಿಗೆ ತಿಕ್ಕಿ, ಅಂಚನ್ನು ಬೆರಳಿನಲ್ಲಿ ಒಂದು ಸುತ್ತು ಸವರಿ, "ಬೆಳ್ಳಿ ಏನೋ ಬೆಳ್ಳಿಯೇ ಮಾರಾಯ್ರೆ. ಆದರೆ ಈ ಹೆಸರನ್ನು ನಮ್ಮಂಥವರು ಯಾರೋ ಕೆತ್ತಿದ್ದು" ಎಂದರು. ಮೊದಲಿದ್ದ ಹೆಸರನ್ನು ಅರದಿಂದ ಉಜ್ಜಿ ಅಳಿಸಿ, ಹೆಚ್ಚು ಬೆಲೆ ಬರುವ ಪಲ್ಟಣದ ಹೆಸರನ್ನು ಅಲ್ಲಿ ಕೆತ್ತಿದ್ದರು. ಈ ಪದಕದ ಮೇಲೆ ಅಕ್ಷರಗಳನ್ನು ಒತ್ತಿ ಮೂಡಿಸುತ್ತಿದ್ದರೇ ಹೊರತು ಉಳಿಯಿಂದ ಕೆತ್ತುತ್ತಿರಲಿಲ್ಲ. ಕರಗಿಸುವುದಾದರೆ ದರ ಹೇಳುತ್ತೇನೆಂದು ಶೇಟರು ಸಮಾಧಾನಪಡಿಸಿದರು.

ರಿಬ್ಬನ್ನಿನ ಪರೀಕ್ಷೆಯ ಕಥೆ ಇದಕ್ಕಿಂತ ಅವಮಾನಕರವಾದದ್ದು. ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳು ಎರಡನೆಯ ಮಹಾಯುದ್ಧದ ನಂತರವೇ ಬಳಕೆಗೆ ಬಂದದ್ದರಿಂದ, ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಹೊಸ ದಾರ ನೀಲಿಯಾಗಿ ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ. ಕಿರಾಣಿ ಅಂಗಡಿಯಿಂದ ದೀಪವನ್ನು ಕಡ ತಂದು, ಕಿಟಕಿ ಮುಚ್ಚಿ, ಕತ್ತಲೆಯಲ್ಲಿ ಹಚ್ಚಿದಾಗ ಮೊದಲು ಬೆಳಗಿದ್ದು ನನ್ನ ಬನಿಯನ್ನು. ಬಾಗಿಲು ತೆರೆದ ಹೆಂಡತಿ ಒಂದು ಸಲ ಕಿರುಚಿದಳು. ರಿಬ್ಬನ್ನೂ ಹೊಳೆಯಿತು. ಆದರೆ ಅದಕ್ಕೆ ಹಿಂದಿನ ವಾರವೇ ಮುಗ್ಗಲು ವಾಸನೆ ಬರುತ್ತಿದೆಯೆಂದು ಅವಳು ಸಾಬೂನಿನ ಪುಡಿಯಲ್ಲಿ ನೆನೆಸಿ ತೊಳೆದಿದ್ದಳೆಂಬುದು ಆಮೇಲೆ ತಿಳಿದದ್ದರಿಂದ, ಪರೀಕ್ಷೆಗೆ ಒಳಗಾದದ್ದು ರಿಬ್ಬನ್ನೋ ಸಾಬೂನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಿಲುಬನ್ನು ನೋಡಿ ವಯಸ್ಸು ಹೇಳುವ ವಿದ್ಯೆಯಂತೂ ನಮ್ಮೂರಿನಲ್ಲಿ ನಡೆಯುವುದೇ ಇಲ್ಲ. ಎರಡು ಮಳೆಗಾಲ ಕಳೆದ ಗೇಟಿನ ಚಿಲಕ ಇಲ್ಲಿನ ಉಪ್ಪುಗಾಳಿಗೆ ಸೋದೆ ಅರಸರ ಕಾಲದ್ದಾಗಿ ಕಾಣುತ್ತದೆ. ಒಬ್ಬನು ಮಾತ್ರ ನನ್ನನ್ನು ಸುಲಭವಾಗಿ ಗೆಲ್ಲಿಸಿದನು: ಪರಮವೀರ ಚಕ್ರವೆಂದು ಹೇಳಿ ಒಂದು ಕಂಚಿನ ಬಿಲ್ಲೆಯನ್ನು ಕೇಸರಿ-ಬಿಳಿ-ಹಸಿರು ರಿಬ್ಬನ್ನಿನಲ್ಲಿ ತೂಗಿಬಿಟ್ಟು ತಂದಿದ್ದನು. ಅದರ ನಿಜವಾದ ರಿಬ್ಬನ್ ಅಚ್ಚ ನೇರಳೆ ಬಣ್ಣದ್ದು. 1948ರ ನೌಶೇರಾ-ರಜೌರಿ ಕಾರ್ಯಾಚರಣೆಗಾಗಿ ಆ ಪದಕವನ್ನು ಪಡೆದ ರಾಮ ರಾಘೋಬಾ ರಾಣೆಯವರು ಇದೇ ಕಾರವಾರದ ಪಕ್ಕದ ಚೆಂಡಿಯೆಯವರು. ಅವರ ಪ್ರತಿಮೆ ನಮ್ಮ ಕಡಲತೀರದಲ್ಲೇ ಇದೆ. ಅವರ ಊರಿಗೇ ಬಂದು ಅದನ್ನು ಮಾರಲೆತ್ನಿಸಿದವನ ಧೈರ್ಯಕ್ಕೂ ಯಾವುದಾದರೂ ಪದಕ ಸಲ್ಲಬೇಕಿತ್ತು.

ಇಷ್ಟೆಲ್ಲ ಪಳಗಿದವನೆಂಬ ಹಮ್ಮಿನಲ್ಲಿಯೇ ಕಳೆದ ದೀಪಾವಳಿಗೆ ಶಿರಸಿಯ ಹತ್ತಿರದ, ಹೆಂಡತಿಯ ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೇವರ ಕೋಣೆಯ ಗೋಡೆಯಲ್ಲಿ ಎರಡನೆಯ ಮಹಾಯುದ್ಧದ, ಆರು ಮೂಲೆಯ ಬರ್ಮಾ ನಕ್ಷತ್ರ ಪದಕವೊಂದು ಹೊಸ ಕಾಲುದೀಪದಂತೆ ಥಳಥಳಿಸುತ್ತಿತ್ತು. ಅಕ್ಷರಗಳು ಮಸುಕು, ಕಿರೀಟದ ಏಣುಗಳು ಮೊಂಡು, ಕಿಲುಬಿನ ಸುಳಿವೂ ಇಲ್ಲ. ಕೇಳದೆಯೇ ನಾನು, ಇದು ಎರಕದ ನಕಲು, ಈಚಿನದು ಎಂದು ತೀರ್ಪು ಕೊಟ್ಟೆ.

ದೊಡ್ಡಮ್ಮ ಏನೂ ಹೇಳದೆ ಅದನ್ನು ಮೊಳೆಯಿಂದ ತೆಗೆದು, ಮಗುಚಿ, ನನ್ನ ಅಂಗೈಯಲ್ಲಿಟ್ಟರು. ಹಿಂಬದಿಯಲ್ಲಿ, ಸವೆತ ತಾಗದ ಜಾಗದಲ್ಲಿ, ಅವರ ಅಪ್ಪಯ್ಯನ ಸಂಖ್ಯೆ ಮತ್ತು ಹೆಸರು ಒತ್ತಿದ ಅಕ್ಷರಗಳಲ್ಲಿ ಚೊಕ್ಕವಾಗಿದ್ದವು. ಈ ನಕ್ಷತ್ರಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರೂ ಭಾರತೀಯರಿಗೆ ಹೆಸರು ಒತ್ತಿ ಕೊಟ್ಟಿದ್ದರೆಂಬುದನ್ನು ನಾನೇ ದಾರಿಯುದ್ದಕ್ಕೂ ಬಸ್ಸಿನಲ್ಲಿ ಹೆಂಡತಿಗೆ ವಿವರಿಸಿಕೊಂಡು ಬಂದಿದ್ದೆ. "ಬೂರೆ ಹಬ್ಬಕ್ಕೆ ಹಂಡೆಯ ಜೊತೆಗೆ ಇದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು, ಅಳಿಯಂದ್ರೇ. ನಾನು ಸಣ್ಣವಳಿದ್ದಾಗಿಂದ" ಎಂದರು ಅವರು. ಪದಕ ಮತ್ತೆ ಮೊಳೆಗೆ ಹೋಯಿತು.

ಮರುದಿನ ಹೊರಡುವಾಗ ನಮಸ್ಕರಿಸಿ, ಐನೂರರ ಒಂದು ನೋಟನ್ನು ಅವರ ಕೈಯಲ್ಲಿಟ್ಟೆ. ಅವರು ಜಗುಲಿಯ ಅಂಚಿಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ಮಗುಚಿ ಹಿಂಬದಿಯನ್ನೂ ನೋಡಿದರು.