ಗೊಣಗುವವನು, ಗುನುಗುವವಳು

ಹಳೆಯ ಇಂಗ್ಲಿಷ್ ಚಿತ್ರಗಳಿಗೆ ಸಬ್‌ಟೈಟಲ್ ಬರೆಯುವವರ ಮೇಲೆ ನನಗೆ ತೀರದ ಸಿಟ್ಟಿದೆ. ಬಾಗಿಲು ಕಿರುಗುಟ್ಟಿದರೆ ಬಾಗಿಲು ಕಿರುಗುಟ್ಟುತ್ತಿದೆ ಎಂದು ಬರೆಯುತ್ತಾರೆ. ದೂರದಲ್ಲೆಲ್ಲೋ ನಾಯಿ ಬೊಗಳಿದರೆ ಅದನ್ನೂ ಬಿಡುವುದಿಲ್ಲ. ಕಿವಿ ಮಂದವಾದವರಿಗೆ ಅದೆಲ್ಲ ಬೇಕು, ತಕರಾರಿಲ್ಲ. ಆದರೆ ಡಬ್ಲ್ಯು. ಸಿ. ಫೀಲ್ಡ್ಸ್ ಎಂಬ ಅಮೆರಿಕದ ಹಾಸ್ಯನಟ ಮಹಾಶಯ ಬಾಯಿಯ ಒಂದು ಮೂಲೆಯಿಂದ ಏನನ್ನೋ ಉಸುರಿದ ಕೂಡಲೇ ಇದೇ ಶ್ರದ್ಧಾವಂತರು ಕೈಚೆಲ್ಲುತ್ತಾರೆ. ಕಂಸ ಹಾಕಿ, ‘ಅಸ್ಪಷ್ಟ ಗೊಣಗಾಟ’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಅಸ್ಪಷ್ಟವಂತೆ! ಆ ಮನುಷ್ಯ ತನ್ನ ಅನ್ನ ಸಂಪಾದಿಸಿದ್ದೇ ಆ ಗೊಣಗಾಟದಿಂದ. ಅನ್ನವನ್ನಷ್ಟೇ ಅಲ್ಲ, ಕುಡಿಯುವ ಜಿನ್ನನ್ನೂ.

ಚಿತ್ರ ‘ಮೈ ಲಿಟಲ್ ಚಿಕಡೀ’, 1940ರದು. ಫೀಲ್ಡ್ಸ್ ಮತ್ತು ನಟಿ ಮೇ ವೆಸ್ಟ್ ಜೊತೆಯಾಗಿ ನಟಿಸಿದ ಒಂದೇ ಒಂದು ಚಿತ್ರ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದವರು ನನ್ನ ಭಾವ. ಇವರು ‘ಮೆಕೆನ್ನಾಸ್ ಗೋಲ್ಡ್’ ಕಾಲದವರು. ವೆಸ್ಟರ್ನ್ ಎಂದರೆ ಕುದುರೆ, ಧೂಳು, ಪಿಸ್ತೂಲು, ನಾಯಕನ ಬಾಯಲ್ಲಿ ಅಳೆದು ತೂಗಿ ನಾಲ್ಕು ಮಾತು ಎಂದು ನಂಬಿ ಬೆಳೆದವರು. ಆರಂಭದಲ್ಲಿ ಮುಸುಕು ಹಾಕಿದ ದರೋಡೆಕಾರ ಕುದುರೆ ಏರಿ ಬಂದು ಗಾಡಿಯನ್ನು ಅಡ್ಡಗಟ್ಟಿದಾಗ ತೃಪ್ತಿಯಿಂದ ಕಾಲು ಚಾಚಿದರು. ಆಮೇಲೆ ಕುದುರೆ ಹಿಂದೆ ಸರಿದು ಮಾತು ಮುಂದೆ ಬಂತು. ನಡುವೆ ಒಂದು ಮೇಕೆಯೂ ಬಂತು.

ಮೇಕೆಯ ವಿಷಯವನ್ನು ಹೇಳಿಬಿಡುತ್ತೇನೆ. ಫೀಲ್ಡ್ಸ್ ಇಲ್ಲಿ ಕತ್‌ಬರ್ಟ್ ಜೆ. ಟ್ವಿಲಿ ಎಂಬ ಠಕ್ಕ. ಮೇ ವೆಸ್ಟ್ ಫ್ಲವರ್ ಬೆಲ್ ಲೀ. ರೈಲಿನಲ್ಲಿ ಇಬ್ಬರಿಗೂ ಮದುವೆಯಾಗುತ್ತದೆ. ಮಾಡಿಸಿದವನು ಪಾದ್ರಿಯೇ ಅಲ್ಲ, ಪಾದ್ರಿಯಂತೆ ಕಾಣುವ ಇಸ್ಪೀಟಿನ ಕಳ್ಳ. ಹೋಟೆಲಿನ ಕೋಣೆಯಲ್ಲಿ ಮಿಂದು, ಸುಗಂಧ ಬಳಿದುಕೊಂಡು ಮದುಮಗ ಮಂಚ ಏರುತ್ತಾನೆ. ಹೊದಿಕೆಯ ಕೆಳಗೆ ಮದುಮಗಳ ಬದಲಿಗೆ ಮೇಕೆ. ಅದರ ಜೊತೆ ಅವನು ಎಷ್ಟು ಹೊತ್ತು ಮುದ್ದಿನ ಮಾತಾಡುತ್ತಾನೆಂದರೆ, ಅಷ್ಟು ಹೊತ್ತು ಇಡೀ ಚಿತ್ರದಲ್ಲಿ ಮೇ ವೆಸ್ಟ್ ಜೊತೆಗೂ ಅವನು ಮಾತಾಡಿದಂತೆ ನನಗೆ ಅನ್ನಿಸಲಿಲ್ಲ. ಈ ದೃಶ್ಯದ ಸಬ್‌ಟೈಟಲ್‌ನಲ್ಲಿ ಮೇಕೆಯ ಕೂಗು ಸ್ಪಷ್ಟವಾಗಿ ದಾಖಲಾಗಿತ್ತು. ಫೀಲ್ಡ್ಸ್‌ನ ಉತ್ತರ ಯಥಾಪ್ರಕಾರ ಅಸ್ಪಷ್ಟ.

“ಏನಂದ ಅವನು?” ಎಂದು ಭಾವ ಕೇಳಿದರು. ನಾನು ಹಿಂದಕ್ಕೆ ಓಡಿಸಿ ಹಾಕಿದೆ. “ಈಗಲೂ ಕೇಳಿಸಲಿಲ್ಲ” ಎಂದರು. ಹೀಗೆ ಎಂಬತ್ತಮೂರು ನಿಮಿಷದ ಚಿತ್ರ ಊಟದ ಹೊತ್ತಿಗೂ ಮುಗಿಯದೆ ಬೆಳೆಯಿತು.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಬಾರಿನ ದೃಶ್ಯದಲ್ಲಿ. ಫೀಲ್ಡ್ಸ್ ಕೌಂಟರಿನ ಹಿಂದೆ ನಿಂತು ಗಿರಾಕಿಯೊಬ್ಬನಿಗೆ ತನ್ನ ಪರಾಕ್ರಮ ಹೇಳುತ್ತಿರುತ್ತಾನೆ. ಹಿಂದೊಮ್ಮೆ ನ್ಯೂಯಾರ್ಕಿನಲ್ಲಿ ಅವನು ಬಾರ್ ನೋಡಿಕೊಳ್ಳುತ್ತಿದ್ದಾಗ ಷಿಕಾಗೊ ಮಾಲಿ ಎಂಬ ಗಟ್ಟಿಗಿತ್ತಿ ಬಂದಳಂತೆ. ಕೌಂಟರಿನ ಮೇಲೆ ಊಟ ಇಟ್ಟಿತ್ತಂತೆ: ಸಕೊಟಾಶ್, ಮೇಯೊನೇಸ್ ಹಾಕಿದ ಆಸ್ಪರಾಗಸ್, ಫಿಲಡೆಲ್ಫಿಯಾ ಕ್ರೀಮ್ ಚೀಸ್. ಅವಳು ಅದರೊಳಗೆ ಕೈ ಅದ್ದಿ, ಆಕಳಿಸುತ್ತಿದ್ದ ಇವನ ಮುಖಕ್ಕೆ ಬಾರಿಸಿದಳಂತೆ. ಇವನು ಹಾರಿ ಹೋಗಿ ಅವಳನ್ನು ಕೆಡವಿದನಂತೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ, ಕೆಡವಿದ್ದು ನೀನಲ್ಲ, ನಾನು ಎನ್ನುತ್ತಾನೆ. ಹೌದು, ಕೆಡವಿದ್ದು ಅವನು, ಒದೆಯಲು ಶುರುಮಾಡಿದ್ದು ನಾನು ಎಂದು ಫೀಲ್ಡ್ಸ್ ಲವಲೇಶವೂ ಅಳುಕದೆ ತಿದ್ದಿಕೊಳ್ಳುತ್ತಾನೆ. ಕೊನೆಗೆ ಹೊರಬೀಳುವ ಸಂಗತಿ ಏನೆಂದರೆ, ಅವಳು ಮತ್ತೆ ಬಂದು ಇಬ್ಬರನ್ನೂ ಚೆನ್ನಾಗಿ ಬಡಿದು ಹೋದಳು. ಆದರೆ ಅವಳ ಜೊತೆಗೆ ಇನ್ನೊಬ್ಬ ಹೆಂಗಸಿದ್ದಳಲ್ಲ ಎಂಬುದು ಫೀಲ್ಡ್ಸ್‌ನ ಸಮಜಾಯಿಷಿ. ನರೆಗೂದಲಿನ ಮುದುಕಿಯಂತೆ.

ಗಿರಾಕಿಗೆ ಹೇಳುತ್ತ ಹೇಳುತ್ತಲೇ ಒಂದು ಸುಳ್ಳು ಮಗುಚಿಕೊಂಡು ಹೊಸ ಸುಳ್ಳಾಗುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯ ಹೆಚ್ಚಿಲ್ಲ. ಭಾವನವರ ಗಮನ ಮಾತ್ರ ತಟ್ಟೆಯಲ್ಲಿತ್ತು.

“ಸಕೊಟಾಶ್ ಎಂದರೇನೋ?”

ಮೆಕ್ಕೆಜೋಳದ ಕಾಳು ಮತ್ತು ಡಬಲ್ ಬೀನ್ಸ್ ಸೇರಿಸಿ ಬೇಯಿಸಿದ್ದು ಎಂದೆ. ಒಳಗಿನಿಂದ ಅಕ್ಕ, “ಒಗ್ಗರಣೆಗೆ ಏನು ಹಾಕುತ್ತಾರೆ?” ಎಂದಳು. ಹಾಕುವುದಿಲ್ಲ, ಬೆಣ್ಣೆ ಹಾಕುತ್ತಾರೆ ಎಂದೆ. ಬೆಣ್ಣೆಯಲ್ಲಿ ಡಬಲ್ ಬೀನ್ಸೇ ಎಂದು ಅಕ್ಕ ಹೊರಗೆ ಬಂದಳು. ತೆಂಗಿನಕಾಯಿ ಇಲ್ಲವೇ, ಇಂಗು ಇಲ್ಲವೇ, ವಾಯು ಆಗುವುದಿಲ್ಲವೇ ಎಂದು ವಿಚಾರಣೆ ನಡೆಯಿತು. ಅಮೆರಿಕದ ಮೂಲನಿವಾಸಿಗಳಿಂದ ಬಂದ ಅಡುಗೆ ಅದು ಎಂದೆ. ಹಾಗಾದರೆ ರೈಲಿನ ಮೇಲೆ ಬಾಣ ಬಿಡುತ್ತಿದ್ದವರು ಅವರೇ ಅಲ್ಲವೇ ಎಂದು ಭಾವ ಕೇಳಿದರು. ಅವರೇ. ಆ ಬಾಣದ ದೃಶ್ಯದಲ್ಲಿ ನನಗೆ ನಗು ಬರಲಿಲ್ಲ ಎನ್ನುವುದನ್ನೂ ಇಲ್ಲಿಯೇ ಹೇಳಬೇಕು. ಮೇ ವೆಸ್ಟ್ ಎರಡೂ ಕೈಗಳಲ್ಲಿ ಪಿಸ್ತೂಲು ಹಿಡಿದು ಚಟಾಕಿ ಹಾರಿಸುತ್ತ ಗುಂಡು ಹೊಡೆಯುತ್ತಾಳೆ, ಹೊರಗೆ ಜನ ಜಾತ್ರೆಯ ಬಲೂನುಗಳಂತೆ ಬೀಳುತ್ತಾರೆ. ಟ್ವಿಲಿಯ ಮೂಲನಿವಾಸಿ ಸಂಗಾತಿ ಮಿಲ್ಟನ್‌ನ ಪಾತ್ರ ಮಾಡಿದವನೂ ಬಿಳಿಯನೇ, ಜಾರ್ಜ್ ಮೊರಾನ್. ಕಾಲವೇ ಹಾಗಿತ್ತು ಎನ್ನುವವರು ಎನ್ನಲಿ. ಅವರ ಡಬಲ್ ಬೀನ್ಸ್ ಬೇಕು, ಅವರು ಮಾತ್ರ ಗುಂಡಿಗೆ ಎಂಬ ಲೆಕ್ಕ ನನಗೆ ಜೀರ್ಣವಾಗಲಿಲ್ಲ.

ಗೊಣಗಾಟದ ವಿಷಯ ಇನ್ನೂ ಬಾಕಿ ಇದೆ. ಫೀಲ್ಡ್ಸ್ ಅದನ್ನು ಕಲಿತದ್ದು ತಾಯಿಯಿಂದ ಎನ್ನುತ್ತಾರೆ. ಫಿಲಡೆಲ್ಫಿಯಾದಲ್ಲಿ ಮನೆ ಬಾಗಿಲಲ್ಲಿ ನಿಂತು ಹಾದು ಹೋಗುವವರನ್ನು ನಗುನಗುತ್ತ ಮಾತಾಡಿಸಿ, ಅವರು ಎರಡು ಹೆಜ್ಜೆ ಮುಂದೆ ಹೋದ ಮೇಲೆ ಅವರ ಬಗ್ಗೆ ತುಟಿಯಂಚಿನಲ್ಲಿ ನಿಜ ಹೇಳುತ್ತಿದ್ದಳಂತೆ ಆಕೆ. ಮಗ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿರಬೇಕು. ಸೋಜಿಗವೆಂದರೆ, ದೊಡ್ಡವನಾದ ಮೇಲೆ ಅವನು ಮೊದಲು ಹಿಡಿದ ಕಸುಬಿಗೆ ಬಾಯಿಯೇ ಬೇಕಿರಲಿಲ್ಲ. ಹರಕು ಬಟ್ಟೆಯ ಅಲೆಮಾರಿಯ ವೇಷದಲ್ಲಿ ಚೆಂಡು, ಸಿಗಾರ್ ಪೆಟ್ಟಿಗೆಗಳನ್ನು ಗಾಳಿಯಲ್ಲಿ ಆಡಿಸುವ ಕೈಚಳಕದವನು. ಯುರೋಪು, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸುತ್ತಿದ. ತುಟಿ ಬಿಚ್ಚದೆ ಆಡುವವನಿಗೆ ಎಲ್ಲ ದೇಶದ ಭಾಷೆಯೂ ಒಂದೇ. 1923ರಲ್ಲಿ ಬ್ರಾಡ್‌ವೇಯ ‘ಪಾಪಿ’ (Poppy) ನಾಟಕದಲ್ಲಿ ಬಾಯಿಬಡುಕ ಠಕ್ಕನ ಪಾತ್ರ ಸಿಕ್ಕಿತು. ಅಷ್ಟು ವರ್ಷ ಕಟ್ಟಿಟ್ಟ ಮಾತು ಅಲ್ಲಿಂದ ನಿಲ್ಲಲೇ ಇಲ್ಲ. ಗಾಳಿಯಲ್ಲಿ ನಾಲ್ಕು ಚೆಂಡು ಇರುವಾಗ ಐದನೆಯದನ್ನು ಬೆನ್ನ ಹಿಂದಿನಿಂದ ಹಾರಿಸುವ ಅಭ್ಯಾಸ ನಾಲಿಗೆಗೂ ಬಂತು: ದೊಡ್ಡ ಮಾತು ಎದುರಿಗೆ, ಸಣ್ಣ ಮಾತು ಮಗ್ಗುಲಿಗೆ. ನಗು ಬರುವುದು ಮಗ್ಗುಲ ಮಾತಿಗೆ. ಅದನ್ನೇ ಸಬ್‌ಟೈಟಲಿನವರು ಬಿಟ್ಟಿರುವುದು.

1934ರಿಂದ ಹಾಲಿವುಡ್‌ನಲ್ಲಿ ನೀತಿಸಂಹಿತೆಯ ಕತ್ತರಿ ಬಿಗಿಯಾಯಿತು. ಬೈಗುಳ ಕೂಡದು, ದೇವರ ಹೆಸರಲ್ಲಿ ಶಾಪ ಕೂಡದು. ಫೀಲ್ಡ್ಸ್ ತಲೆ ಕೆಡಿಸಿಕೊಳ್ಳಲಿಲ್ಲ. ‘ಗಾಡ್‌ಫ್ರಿ ಡ್ಯಾನಿಯಲ್’ ಎಂದು ಗುಡುಗುತ್ತಿದ್ದ. ಯಾರೋ ಸಜ್ಜನರ ಹೆಸರಿನಂತಿದೆ, ಯಾವ ಅಧಿಕಾರಿ ಹೊಡೆದು ಹಾಕುತ್ತಾನೆ? ಕೇಳಿದವರಿಗೆ ಮಾತ್ರ ಅದು ‘ಗಾಡ್ ಡ್ಯಾಮ್’ ಎಂಬ ಬೈಗುಳ ಎಂದು ಮೊದಲ ಅಕ್ಷರಕ್ಕೇ ಗೊತ್ತಾಗುತ್ತಿತ್ತು.

ಮೇ ವೆಸ್ಟ್‌ದು ಇನ್ನೊಂದು ದಾರಿ. ಆಕೆ ಗೊಣಗುವುದಿಲ್ಲ, ಗುನುಗುತ್ತಾಳೆ. ವಾಕ್ಯ ಮುಗಿದ ಮೇಲೆ ಮೂಗಿನಲ್ಲಿ ಒಂದು ‘ಹ್ಮ್’. ಮುಂಚೆ ಹೇಳಿದ್ದೆಲ್ಲ ಆ ಹ್ಮ್‌ನಲ್ಲಿ ತಿರುಗಾಮುರುಗಾ ಆಗುತ್ತದೆ. ಈ ಚಿತ್ರದಲ್ಲಿ ಆಕೆ ಪುಂಡ ಹುಡುಗರ ತರಗತಿಯೊಂದಕ್ಕೆ ಲೆಕ್ಕ ಹೇಳಿಕೊಡುತ್ತಾಳೆ. ಬರೀ ಕೂಡುವ ಕಳೆಯುವ ಪಾಠ. ಬರೆದಿಟ್ಟರೆ ಪಠ್ಯಪುಸ್ತಕದಲ್ಲಿ ಸೇರಿಸಬಹುದು. ಆಕೆ ಸೊಂಟದ ಮೇಲೆ ಕೈಯಿಟ್ಟು ಹೇಳುವುದನ್ನು ಕೇಳಿದರೆ ಹೆತ್ತವರು ಟಿ.ಸಿ. ತೆಗೆದುಕೊಂಡು ಹೋದಾರು. ಭಾವ ಇಲ್ಲಿ ಮಾತ್ರ ಏನಂದಳು ಎಂದು ಕೇಳಲಿಲ್ಲ.

ಇಂಥ ಗುನುಗಿಗೆ ಆಕೆ ಬೆಲೆ ತೆತ್ತಿದ್ದಾಳೆ. 1926ರಲ್ಲಿ ಸ್ವತಃ ಬರೆದು ಆಡಿದ ನಾಟಕಕ್ಕಾಗಿ ಮರುವರ್ಷ ನ್ಯೂಯಾರ್ಕಿನಲ್ಲಿ ಹತ್ತು ದಿನದ ಜೈಲು ಶಿಕ್ಷೆಯಾಯಿತು. ಒಳ್ಳೆಯ ನಡತೆಗಾಗಿ ಎರಡು ದಿನ ಮುಂಚೆ ಬಿಟ್ಟರು. ಸರ್ಕಾರಿ ದಾಖಲೆಯಲ್ಲಿ ಆಕೆಯ ನಡತೆಗೆ ಸಿಕ್ಕ ಪ್ರಶಂಸೆ ಅದೊಂದೇ ಇರಬೇಕು. 1937ರಲ್ಲಿ ರೇಡಿಯೊದಲ್ಲಿ ಆದಾಮ ಮತ್ತು ಈವಳ ಪ್ರಹಸನವೊಂದರಲ್ಲಿ ಈವಳಾದಳು. ಮಾತುಗಳನ್ನು ಮೊದಲೇ ಓದಿ ಒಪ್ಪಿಗೆ ಕೊಟ್ಟಾಗಿತ್ತು. ಆಕೆ ಓದಿದ ಧಾಟಿಗೆ ದೇಶವೇ ಹುಯಿಲೆದ್ದಿತು, ರೇಡಿಯೊ ಕಂಪನಿ ಎನ್‌ಬಿಸಿ ಆಕೆಯನ್ನು ದೂರವಿಟ್ಟಿತು. ಕಾಗದದಲ್ಲಿ ಏನೂ ಇರಲಿಲ್ಲ, ಇದ್ದದ್ದೆಲ್ಲ ಗಂಟಲಲ್ಲಿ. ಕಾಗದ ಓದಿ ಕತ್ತರಿ ಆಡಿಸುವವರು ಅಂದೂ ಇದ್ದರು. ಕಾಗದಕ್ಕೆ ಬಾರದ್ದನ್ನು ಅಸ್ಪಷ್ಟ ಎನ್ನುವವರು ಇಂದೂ ಇದ್ದಾರೆ. ಎರಡೂ ಕಡೆ ನೇಮಕಾತಿಗೆ ಒಂದೇ ಪರೀಕ್ಷೆ ಇದ್ದೀತು.

ಈ ಇಬ್ಬರನ್ನು ಒಂದೇ ಚಿತ್ರಕ್ಕೆ ಹಾಕಿದ ಯೂನಿವರ್ಸಲ್ ಕಂಪನಿಯ ಧೈರ್ಯವನ್ನು ಮೆಚ್ಚಬೇಕು. ಆಕೆ ಮದ್ಯ ಮುಟ್ಟುವವಳಲ್ಲ. ಅವನು ಬಿಡುವವನಲ್ಲ. ಕುಡಿದು ಸೆಟ್ಟಿಗೆ ಬಂದರೆ ಹೊರಗೆ ಕಳಿಸಬೇಕೆಂದು ಆಕೆ ಕರಾರಿನಲ್ಲೇ ಬರೆಸಿದ್ದಳೆಂದು ಕಥೆಯಿದೆ. ನಿರ್ದೇಶಕ ಎಡ್ವರ್ಡ್ ಕ್ಲೈನ್ ಮೂಕಿ ಕಾಲದಲ್ಲಿ ಬಸ್ಟರ್ ಕೀಟನ್‌ನ ಜೊತೆ ಪಳಗಿದವನು. ಮಾತೇ ಇಲ್ಲದವರಿಂದ ಹೊರಟು ಮಾತಿನ ಇಬ್ಬರು ಮಲ್ಲರ ನಡುವೆ ಬಂದು ಬಿದ್ದಿದ್ದ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರುವಾಗ ಒಬ್ಬರು ಇನ್ನೊಬ್ಬರ ಮಾತನ್ನು ಕೇಳುತ್ತಲೇ ಇಲ್ಲ, ತಮ್ಮ ಸರದಿ ಕಾಯುತ್ತಿದ್ದಾರೆ ಎನ್ನಿಸುತ್ತದೆ. ಜೋಡಿ ಕೂಡಿಬರಲಿಲ್ಲ ಎಂದು ಬಲ್ಲವರು ದೂರುತ್ತಾರೆ. ಕೂಡಿಬರಲಿ ಎಂದು ಬೇಡಿಕೊಂಡವರು ಯಾರು? ಈಗ ನೋಡಿ, ಇಬ್ಬರು ದೊಡ್ಡ ನಟರು ಸೇರಿದರೆ ಪ್ರಚಾರದ ತುಂಬ ಒಬ್ಬರನ್ನೊಬ್ಬರು ಹೊಗಳುವುದೇ ಹೊಗಳುವುದು. ಅಣ್ಣ ಎಂದು ಅವರು, ತಮ್ಮ ಎಂದು ಇವರು, ಇಬ್ಬರ ಕಣ್ಣಲ್ಲೂ ನೀರು. ಚಿತ್ರದಲ್ಲಿ ನೋಡಿದರೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ನನಗಂತೂ ಒಬ್ಬರಿಗೊಬ್ಬರು ಆಗದವರೇ ಸರಿ.

ಕೊನೆಯಲ್ಲಿ ಇಬ್ಬರೂ ಬೀಳ್ಕೊಳ್ಳುವಾಗ ಒಬ್ಬರ ಹೆಸರುವಾಸಿ ಮಾತನ್ನು ಇನ್ನೊಬ್ಬರು ಹೇಳಿ ವಿನಿಮಯ ಮಾಡಿಕೊಳ್ಳುತ್ತಾರೆ. ಅದೂ ಸ್ನೇಹಕ್ಕೆ ಹೇಳಿದಂತಿಲ್ಲ, ಎರವಲು ತಂದ ಪಾತ್ರೆ ಹಿಂದಿರುಗಿಸಿದಂತಿದೆ. ಆಕೆ ಮೆಟ್ಟಿಲು ಹತ್ತಿ ಹೋಗುತ್ತಾಳೆ. ‘ಮುಕ್ತಾಯ’ ಎಂಬ ಅಕ್ಷರ ಆಕೆಯ ಬೆನ್ನ ಕೆಳಗೆ, ಎಲ್ಲಿ ಮೂಡಬೇಕೋ ಅಲ್ಲಿಯೇ ಮೂಡುತ್ತದೆ.

ಜಗಳ ಮಾತ್ರ ಚಿತ್ರದೊಂದಿಗೆ ಮುಗಿಯಲಿಲ್ಲ. ಚಿತ್ರಕಥೆ ಬಹುಪಾಲು ಬರೆದದ್ದು ತಾನು, ಫೀಲ್ಡ್ಸ್ ಬರೆದದ್ದು ಬಾರಿನ ಒಂದು ದೃಶ್ಯ, ಆದರೂ ತೆರೆಯ ಮೇಲೆ ಇಬ್ಬರ ಹೆಸರೂ ಸರಿಸಮ ಎಂಬ ಉರಿ ಮೇ ವೆಸ್ಟ್‌ಗೆ ಕೊನೆಯವರೆಗೂ ಆರಲಿಲ್ಲ. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಎಣಿಕೆ. ಆದರೆ ಅದೇ 1940ರಲ್ಲಿ ಫೀಲ್ಡ್ಸ್ ಇನ್ನೊಂದು ಚಿತ್ರ ಮಾಡಿದ, ‘ದಿ ಬ್ಯಾಂಕ್ ಡಿಕ್’. ಅದಕ್ಕೂ ಕ್ಲೈನ್‌ನದೇ ನಿರ್ದೇಶನ. ಚಿತ್ರಕಥೆ ಪೂರ್ತಿ ಫೀಲ್ಡ್ಸ್‌ನದೇ. ಅಲ್ಲಿ ತೆರೆಯ ಮೇಲೆ ಅವನು ಹಾಕಿಸಿದ ಹೆಸರು ಮಹಾತ್ಮ ಕೇನ್ ಜೀವ್ಸ್. ಶ್ರೀಮಂತರ ಮನೆಯ ನಾಟಕಗಳಲ್ಲಿ ಯಜಮಾನ ಆಳನ್ನು ಕರೆದು ಟೋಪಿ, ಬೆತ್ತ ಕೇಳುತ್ತಾನಲ್ಲ, ‘ಮೈ ಹ್ಯಾಟ್, ಮೈ ಕೇನ್, ಜೀವ್ಸ್’ ಎಂಬ ಆ ಇಂಗ್ಲಿಷ್ ಮಾತನ್ನು ಬಾಯಲ್ಲಿ ಜಗಿದು ಹೊರಬಿಟ್ಟರೆ ಹುಟ್ಟುವ ಮಹಾತ್ಮ ಇವನು. ಒಂದು ದೃಶ್ಯಕ್ಕೆ ಅರ್ಧ ಚಿತ್ರದ ಹೆಸರು ಹೊಡೆದುಕೊಂಡವನು, ಇಡೀ ಚಿತ್ರ ಬರೆದು ಆ ಹೆಸರನ್ನು ಭೂಮಿಯ ಮೇಲೆ ಇಲ್ಲದ ಮಹಾತ್ಮನೊಬ್ಬನಿಗೆ ದಾನ ಮಾಡಿದ. ಮೇ ವೆಸ್ಟ್ ಇದನ್ನು ಓದಿದಾಗ ಹ್ಮ್ ಎಂದಿರುವಳೋ ಇಲ್ಲವೋ, ನಾನಂತೂ ಆ ಗುರುತಿಲ್ಲದ ಮಹಾತ್ಮನ ಪರ.