ಬೆಟ್ಟದ ಮೇಲೆ ಪಾರ್ಕಿಂಗ್ ದರ್ಶನ

ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದೆ ಅಂದರೆ ಈಗ ಮೈಸೂರಿನಲ್ಲಿ ಯಾರೂ 'ದರ್ಶನ ಚೆನ್ನಾಗಿ ಆಯ್ತಾ?' ಅಂತ ಕೇಳುವುದಿಲ್ಲ. 'ಗಾಡಿ ಎಲ್ಲಿ ನಿಲ್ಲಿಸಿದ್ರಿ?' ಅಂತ ಕೇಳುತ್ತಾರೆ. ಬೆಟ್ಟದ ಮೇಲೆ ಹಲವು ಅಂತಸ್ತಿನ ಪಾರ್ಕಿಂಗ್ ಕಟ್ಟಡವೇ ಎದ್ದಿದೆ, ಗೋಪುರಕ್ಕಿಂತ ಮೊದಲು ಅದಕ್ಕೇ ಕೈಮುಗಿಯಬೇಕು.

17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಸಾವಿರ ಮೆಟ್ಟಿಲು ಕಟ್ಟಿಸಿದರು. ಪಾಪ, ಪಾರ್ಕಿಂಗ್ ಯೋಚನೆ ಅವರಿಗೆ ಹೊಳೆಯಲೇ ಇಲ್ಲ. ಏಳುನೂರನೇ ಮೆಟ್ಟಿಲ ಹತ್ತಿರ ಒಂದೇ ಬಂಡೆಯಲ್ಲಿ ಕಡೆದ ನಂದಿ ಇದೆ, ಸುಮಾರು 16 ಅಡಿ ಎತ್ತರ. ಇಡೀ ಬೆಟ್ಟದಲ್ಲಿ ಜಾಗ ಸಿಗದೆ ಪರದಾಡದ ವಾಹನ ಅಂದರೆ ಅದೊಂದೇ.

2021ರ ಮಳೆಗೆ ಆ ನಂದಿಯ ಹತ್ತಿರದ ರಸ್ತೆ ಕುಸಿಯಿತು. ಸಾಕಪ್ಪಾ ನಿಮ್ಮ ಭಾರ ಅಂತ ಬೆಟ್ಟ ಇನ್ನು ಹೇಗೆ ಹೇಳಬೇಕು? ನಮಗೆ ಕೇಳಿಸಿದ್ದು ಮಾತ್ರ 'ರೋಪ್‌ವೇ ಹಾಕಿ' ಅಂತ. ಮರುವರ್ಷ ಆ ಹಳೇ ಮಾತು ಮತ್ತೆ ಎದ್ದಿತು, ಜನ ಬೇಡ ಅಂದರು, ಸದ್ಯ ಮಲಗಿತು. ಹತ್ತು ನಿಮಿಷ ಬೇಗ ಮೇಲೆ ಹೋಗಿ ಮಾಡುವುದಾದರೂ ಏನು? ಸಾಲಿನಲ್ಲಿ ನಿಲ್ಲುವುದು, ಅಲ್ವಾ.

ಸಾಲು ಅಂದರೆ ಒಂದೇ ಸಾಲಲ್ಲ. ಆಷಾಢ ಶುಕ್ರವಾರ ಹೋಗಿ ನೋಡಿ, ಧರ್ಮದರ್ಶನದವರದ್ದು ಒಂದು, ಟಿಕೆಟ್‌ನವರದ್ದು ಒಂದು, ಪಾಸ್‌ನವರದ್ದು ಇನ್ನೊಂದು, ಇದ್ಯಾವುದೂ ಬೇಡ, ಸಾಹೇಬ್ರಿಂದ ಫೋನ್ ಮಾಡಿಸ್ತೀನಿ ಅನ್ನುವವರದ್ದು ಮತ್ತೊಂದು. ಬಿಳಿ ಅಂಗಿಯವರೊಬ್ಬರು ಪೊಲೀಸರ ಹತ್ತಿರ 'ನಾನ್ಯಾರು ಗೊತ್ತೇನ್ರೀ?' ಅಂತ ಗುಡುಗುತ್ತಿರುತ್ತಾರೆ. ಒಳಗೆ ತಾಯಿಗೂ ಕೇಳಿಸುತ್ತದೆ. ಹಿಂದೆ ಹೀಗೇ ಕೇಳಿದವನೊಬ್ಬ ಕೈಯಲ್ಲಿ ಕತ್ತಿ, ಹಾವು ಹಿಡಿದು ಹೊರಗೆ ಪ್ರತಿಮೆಯಾಗಿ ನಿಂತಿದ್ದಾನೆ. ಈ ಸಾಹೇಬರು ಅವನ ಮುಂದೆ ಸೆಲ್ಫಿ ತೆಗೆದುಕೊಂಡೇ ಬಂದಿರುತ್ತಾರೆ.

ಪಾಸ್ ನಡೆಯದ ಜಾಗ ಮೆಟ್ಟಿಲು ಒಂದೇ. ಅದಕ್ಕೇ ಅಲ್ಲಿ ವಿಐಪಿಗಳು ಕಮ್ಮಿ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ, ಪಕ್ಕದಲ್ಲೇ ವ್ಯಾಯಾಮದ ಹುಡುಗರು ಏದುಸಿರು ಬಿಡುತ್ತಾ ವಾಚ್ ನೋಡಿಕೊಂಡು ಓಡುತ್ತಾರೆ. ಇಬ್ಬರಿಗೂ ಯಾರೂ 'ಜರುಗಿ' ಅನ್ನುವುದಿಲ್ಲ.

ಸುಮ್ನೆ ಯಾಕೆ ಸುಳ್ಳು, ನಾನೂ ಮಂಡಿನೋವಿನ ನೆಪ ಹೇಳಿ ಕಾರಿನಲ್ಲೇ ಹೋಗಿದ್ದು. ರಾತ್ರಿ ಮಲಗುವಾಗ ಕೈಯಲ್ಲಿದ್ದ ವಾಚ್ ಗುರ್ ಅಂತು. ಇವತ್ತಿನ ಲೆಕ್ಕಕ್ಕೆ ಇನ್ನೂ ಸಾವಿರ ಹೆಜ್ಜೆ ಬಾಕಿಯಂತೆ. ಎದ್ದು ಹೋಗಿ ಟೆರೇಸ್ ಮೇಲೆ ಸುತ್ತು ಹಾಕಿದೆ. ಅಲ್ಲಿಂದ ಬೆಟ್ಟದ ದೀಪಗಳು ಚೆನ್ನಾಗಿ ಕಾಣುತ್ತವೆ.